ಕೆಳಗಿನ ಸೆಟ್ ಮಾತ್ರ ಯಾಕೆ ಕುಣಿಯುತ್ತದೆ?

"ಮ್ಯಾಲಿಂದು ಗಟ್ಟಿ ಕುಂತೈತ್ರಿ, ತೆಳಗಿಂದು ಕುಣ್ಯಾಕ ಹತ್ತೈತಿ." ಹುಬ್ಬಳ್ಳಿ-ಧಾರವಾಡದ ಕಡೆ ಹಲ್ಲಿನ ಸೆಟ್ ಕಟ್ಟಿಸಿಕೊಂಡವರು ವಾರ ಕಳೆಯುವುದರೊಳಗೆ ಆಡುವ ಮಾತಿದು. ಎಷ್ಟೋ ಮಂದಿ ಇಷ್ಟಕ್ಕೇ ಬೇಸತ್ತು ಕೆಳಗಿನ ಸೆಟ್ಟನ್ನು ಡಬ್ಬಿಗೆ ಹಾಕಿ, ಮೇಲಿನದರಲ್ಲೇ ಕಾಲ ತಳ್ಳುತ್ತಾರೆ. ಮಾಡಿದವರ ತಪ್ಪು ಕೆಲವೊಮ್ಮೆ ಇರುತ್ತದೆ, ನಿಜ. ಆದರೆ ತೊಂದರೆಯ ಬೇರು ದವಡೆಯಲ್ಲೇ ಇದೆ.

ಮೇಲಿನ ಸೆಟ್ಟಿಗೆ ಇಡೀ ಅಂಗಳದ, ಅಂದರೆ ಬಾಯಿಯ ಮೇಲ್ಛಾವಣಿಯ, ಆಸರೆ ಸಿಗುತ್ತದೆ, ಸುಮಾರು 23 ಚದರ ಸೆಂ.ಮೀ. ಜಾಗ. ಕೆಳಗೆ ನಡುವೆ ನಾಲಿಗೆ ಇರುವುದರಿಂದ ಉಳಿಯುವುದು ಕುದುರೆ ಲಾಳದಂಥ ಪಟ್ಟಿ, 12 ಚದರ ಸೆಂ.ಮೀ. ಆಸುಪಾಸು. ಸ್ವಂತ ಹಲ್ಲಿದ್ದಾಗ ಬೇರಿನ ಸುತ್ತಲಿನ ನಾರುಗಳು ಒಂದೊಂದು ದವಡೆಯಲ್ಲಿ 45 ಚದರ ಸೆಂ.ಮೀ. ಅಗಲಕ್ಕೆ ಭಾರ ಹಂಚುತ್ತಿದ್ದವು. ಇನ್ನು ಸೆಟ್ಟನ್ನು ಹಿಡಿದಿಡುವುದು ಜೊಲ್ಲಿನ ತೆಳು ಪದರು. ಒದ್ದೆ ಗಾಜಿನ ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ನೇರ ಎತ್ತಿ ನೋಡಿ, ಬಿಡುವುದಿಲ್ಲ. ಪಕ್ಕಕ್ಕೆ ಸರಿಸಿದರೆ ಜಾರಿಬಿಡುತ್ತವೆ. ಕೆಳಗಿನ ಸೆಟ್ಟನ್ನು ನಾಲಿಗೆ, ಕೆನ್ನೆ, ತುಟಿ ಮೂರೂ ಕೂಡಿ ದಿನವಿಡೀ ಪಕ್ಕಕ್ಕೆ ಸರಿಸುತ್ತಲೇ ಇರುತ್ತವೆ. ಬಿ.ಪಿ. ಅಥವಾ ಖಿನ್ನತೆಯ ಕೆಲವು ಗುಳಿಗೆಗಳಿಂದ ಬಾಯಿ ಒಣಗಿದವರಿಗೆ ಆ ಜೊಲ್ಲಿನ ಹಿಡಿತವೂ ಕಡಿಮೆ.

ಇದರ ಮೇಲೆ ಎಲುಬಿನ ಸವೆತ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ಎಲುಬಿಗೆ ಕೆಲಸವಿಲ್ಲ, ಅದು ಕರಗತೊಡಗುತ್ತದೆ. ಮೊದಲ ವರ್ಷದಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ, ಆದರೆ ನಿಲ್ಲದೆ. ವರ್ಷಗಳ ಲೆಕ್ಕದಲ್ಲಿ ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ. ಎಂಟು ವರ್ಷದ ಹಿಂದೆ ಕಚ್ಚಿ ಕೂಡುತ್ತಿದ್ದ ಸೆಟ್ ಇವತ್ತು ಸಡಿಲವಾಗಿದ್ದರೆ ಸೆಟ್ ಬದಲಾಗಿಲ್ಲ, ಬಾಯಿ ಬದಲಾಗಿದೆ. ಅಂಥ ಸೆಟ್ಟಿನ ಒಳಮೈಗೆ ಹೊಸ ಪದರು ಕೊಡಿಸಬಹುದು. ಅದಕ್ಕೆ ರಿಲೈನಿಂಗ್ ಎನ್ನುತ್ತಾರೆ.

ಆದ್ದರಿಂದ "ಎಲ್ಲಾ ಕಿತ್ತು ಒಮ್ಮೆಲೆ ಮುಗಿಸಿಬಿಡ್ರಿ" ಎನ್ನುವ ಮೊದಲು, ಕೆಳಗಿನ ಎರಡು ಕೋರೆಹಲ್ಲು ಉಳಿಯುತ್ತವೆಯೇ ಎಂದು ಕೇಳಲೇಬೇಕು. ಅವಕ್ಕೆ ರೂಟ್ ಕೆನಾಲ್ ಮಾಡಿ, ಒಸಡಿನ ಮಟ್ಟಕ್ಕೆ ಗುಂಡಗೆ ತೇಯ್ದು, ಮೇಲೆ ಸೆಟ್ ಕೂಡಿಸಬಹುದು. ಬೇರು ಇರುವಷ್ಟು ದಿನ ಸುತ್ತಲಿನ ಎಲುಬೂ ಉಳಿಯುತ್ತದೆ. ಹಲ್ಲೇ ಉಳಿದಿಲ್ಲದವರ ಕೆಳದವಡೆಗೆ ಎರಡು ಇಂಪ್ಲಾಂಟ್ (ಎಲುಬಿನಲ್ಲಿ ಕೂಡಿಸುವ ಕೃತಕ ಬೇರು) ಹಾಕಿ ಅವುಗಳ ಮೇಲೆ ಸೆಟ್ ಕೂಡಿಸುವುದೇ ಮೊದಲ ಆಯ್ಕೆಯಾಗಬೇಕೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು 2002ರಲ್ಲೇ ಹೇಳಿದ್ದಾರೆ. ಖರ್ಚು ಹೆಚ್ಚು, ಅದು ಎಲ್ಲರ ಕೈಗೆ ಎಟುಕುವುದಿಲ್ಲ. ಅದಕ್ಕೇ ಇರುವ ಕೋರೆಹಲ್ಲಿಗೆ ಅಷ್ಟು ಬೆಲೆ.

ನಾಲ್ಕಾರು ಹಲ್ಲು ಮಾತ್ರ ಹೋಗಿದ್ದರೆ ಅರೆ ಸೆಟ್ ಸಾಕು. ತಂತಿ ಕೊಕ್ಕೆಯ ಪ್ಲಾಸ್ಟಿಕ್ ಪ್ಲೇಟ್ ಅಗ್ಗ. ಆದರೆ ಅದು ಹಲ್ಲಿನ ಮೇಲೆ ಊರದೆ ಬರೀ ಒಸಡಿನ ಮೇಲೆ ಕೂತರೆ, ಅಗಿದಾಗಲೆಲ್ಲ ಕೆಳಗಿಳಿದು ಪಕ್ಕದ ಹಲ್ಲಿನ ಒಸಡನ್ನು ಜಾರಿಸುತ್ತದೆ. ಕೋಬಾಲ್ಟ್-ಕ್ರೋಮಿಯಂ ಎರಕದ ಪ್ಲೇಟಿಗೆ ಹಲ್ಲಿನ ಮೇಲೆ ಊರುವ ಸಣ್ಣ ಚಾಚುಗಳಿರುತ್ತವೆ. ತೆಳುವಾಗಿದ್ದರೂ ಗಟ್ಟಿ, ಬಾಳಿಕೆಯೂ ಹೆಚ್ಚು.

ಸೆಟ್ ಮಾಡುವುದಕ್ಕೆ ಐದು ಸಲವಾದರೂ ಹೋಗಬೇಕು: ಮೊದಲ ಅಳತೆ, ಎರಡನೆಯ ಅಳತೆ, ಕಚ್ಚಿನ ಅಳತೆ, ಮೇಣದಲ್ಲಿ ಹಲ್ಲು ಜೋಡಿಸಿ ನೋಡುವುದು, ಕೊಡುವುದು. ಒಂದೇ ಅಳತೆಯಲ್ಲಿ ಮುಗಿಸುತ್ತೇವೆ ಎಂದರೆ ಅನುಮಾನಿಸಿ. ಎರಡನೆಯ ಅಳತೆಯಲ್ಲಿ ನಿಮ್ಮಿಂದ ನಾಲಿಗೆ ಆಡಿಸಿ, ತುಟಿ ಎಳೆಸಿ, ಅಂಚು ಎಲ್ಲಿಗೆ ನಿಲ್ಲಬೇಕೆಂದು ಗುರುತಿಸುತ್ತಾರೆ. ಗುಟ್ಕಾ ತಿಂದು ಬಾಯಿ ಬಿಗಿದವರಿಗೆ ಅಳತೆಯ ತಟ್ಟೆಯೇ ಒಳಗೆ ಹೋಗದಿರಬಹುದು. ಕಚ್ಚಿನ ಅಳತೆಯಲ್ಲಿ, ದವಡೆ ಸಡಿಲ ಬಿಟ್ಟಾಗ ಮೇಲಿನ-ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿ.ಮೀ. ಸಂದು ಉಳಿಯಬೇಕು. ಸಂದು ಇಲ್ಲದಿದ್ದರೆ ಮಾತಾಡುವಾಗ ಹಲ್ಲು ಕಟಕಟ ಬಡಿಯುತ್ತವೆ, ಒಸಡಿಗೆ ಬಿಡುವೇ ಇರುವುದಿಲ್ಲ.

ಮೇಣ ತೆಗೆದು ಅಕ್ರಿಲಿಕ್ (ಸೆಟ್ಟಿನ ಪ್ಲಾಸ್ಟಿಕ್) ತುಂಬುವ ಹಂತ ಲ್ಯಾಬಿನಲ್ಲಿ ನಡೆಯುವುದರಿಂದ ರೋಗಿಗೆ ಕಾಣುವುದಿಲ್ಲ. ಮೂರು ಪಾಲು ಪುಡಿಗೆ ಒಂದು ಪಾಲು ದ್ರವ ಕಲಸಿ, ಕಣಕದ ಹದ ಬಂದಾಗ ಅಚ್ಚಿಗೆ ಒತ್ತಿ, ನೀರಿನಲ್ಲಿ ಕಾಯಿಸುತ್ತಾರೆ. ಆ ದ್ರವ ಕುದಿಯುವುದು 100.3 ಡಿಗ್ರಿಯಲ್ಲಿ. ಗಟ್ಟಿಯಾಗುವಾಗ ಅಕ್ರಿಲಿಕ್ ತಾನೇ ಬಿಸಿ ಹೊರಡಿಸುತ್ತದೆ. ಅವಸರಕ್ಕೆ ನೇರ ಕುದಿಯುವ ನೀರಿಗೆ ಇಟ್ಟರೆ ದಪ್ಪ ಭಾಗದೊಳಗೆ ದ್ರವ ಕುದ್ದು ಗುಳ್ಳೆ ಉಳಿಯುತ್ತವೆ. ಅಂಥ ಸೆಟ್ ಬೇಗ ಮುರಿಯುತ್ತದೆ, ವಾಸನೆ ಹಿಡಿಯುತ್ತದೆ. ಆದ್ದರಿಂದ ಮೊದಲು 74 ಡಿಗ್ರಿಯಲ್ಲಿ ಎರಡು ತಾಸು, ಆಮೇಲೆ 100 ಡಿಗ್ರಿಯಲ್ಲಿ ಒಂದು ತಾಸು. ಆರಿಸುವುದೂ ನಿಧಾನವಾಗಿಯೇ, ಇಲ್ಲದಿದ್ದರೆ ಪ್ಲೇಟ್ ಸೊಟ್ಟಗಾಗುತ್ತದೆ.

ಹೊಸ ಸೆಟ್ಟಿನಲ್ಲಿ ತ, ದ ಬೇಗ ಒಗ್ಗುತ್ತವೆ. ಟ, ಣ, ಳ ತಡ, ಯಾಕೆಂದರೆ ಅವನ್ನು ಹೇಳುವಾಗ ನಾಲಿಗೆ ಹಿಂದಕ್ಕೆ ಮಡಚಿ ಅಂಗಳಕ್ಕೆ ತಾಗಬೇಕು, ಈಗ ಅಲ್ಲಿ ಪ್ಲೇಟ್ ಇದೆ. ದಿನಾ ಅರ್ಧ ತಾಸು ಪೇಪರ್ ಗಟ್ಟಿಯಾಗಿ ಓದಿದರೆ ತಿದ್ದಿಕೊಳ್ಳುತ್ತದೆ. ಅಗಿಯುವ ಬಲ ಸ್ವಂತ ಹಲ್ಲಿನ ಕಾಲು ಭಾಗದಷ್ಟೂ ಇರುವುದಿಲ್ಲ. ಮೊದಲು ಸಾರಿನಲ್ಲಿ ನೆನೆಸಿದ ಬಿಸಿ ರೊಟ್ಟಿ, ಖಡಕ್ ರೊಟ್ಟಿ ಆಮೇಲೆ. ಮುಂದಿನ ಹಲ್ಲಿನಿಂದ ಕಚ್ಚಿ ಎಳೆದರೆ ಸೆಟ್ಟಿನ ಹಿಂಬದಿ ಏಳುತ್ತದೆ. ಸಣ್ಣ ತುತ್ತು ಮಾಡಿ ಎರಡೂ ಕಡೆ ಒಟ್ಟಿಗೆ ಅಗಿಯಿರಿ. ಅಗಸಿ, ಗುರೆಳ್ಳು ಚಟ್ನಿಯ ಕಾಳು, ನವಲೂರಿನ ಪೇರಲದ ಬೀಜ ಪ್ಲೇಟಿನ ಕೆಳಗೆ ಸೇರಿದರೆ ಚಪ್ಪಲಿಯೊಳಗಿನ ಹರಳಿನಂತೆ ಒತ್ತುತ್ತವೆ. ಉಂಡ ಮೇಲೆ ತೆಗೆದು ತೊಳೆಯಿರಿ. ಪೇಸ್ಟ್ ಗೀರು ಹಾಕುತ್ತದೆ, ಮೈ ಸೋಪು ಮತ್ತು ಮೆತ್ತನೆಯ ಬ್ರಷ್ ಸಾಕು. ಕೈಜಾರಿದರೆ ಮುರಿಯದಂತೆ ಕೆಳಗೆ ನೀರು ತುಂಬಿದ ಬೋಗುಣಿ ಇರಲಿ. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ, ಬಿಸಿನೀರು ಬೇಡ. ಹಾಕಿಕೊಂಡೇ ಮಲಗಿದರೆ ಅಂಗಳಕ್ಕೆ ಬೂಸು ಹತ್ತಿ ಕೆಂಪಗಾಗುತ್ತದೆ.

ಸಡಿಲಾಯಿತೆಂದು ಮೇಲಿನ ಸೆಟ್ಟಿಗೆ ರಬ್ಬರ್ ಗುಂಡಿ ಹಾಕಿಸಿಕೊಳ್ಳಬೇಡಿ. ಅದು ಅಂಗಳವನ್ನು ಒಂದೇ ಕಡೆ ಹೀರಿ ಹೀರಿ, ಕೊನೆಗೆ ಮೂಗಿನವರೆಗೆ ತೂತು ಬಿದ್ದದ್ದೂ ಇದೆ. ಹುಣ್ಣಾದರೆ ಮನೆಯಲ್ಲಿ ಕಾನಸು ಹಿಡಿಯಬೇಡಿ. ಸೆಟ್ ತೆಗೆದಿಟ್ಟು ನೋವು ಇಳಿದ ಮೇಲೆ ದವಾಖಾನೆಗೆ ಹೋದರೆ ಒತ್ತುವ ಜಾಗ ಸಿಗುವುದಿಲ್ಲ. ಹೋಗುವ ದಿನ ಕೆಲವು ತಾಸು ಹಾಕಿಕೊಂಡಿರಿ, ಗುರುತು ಕಾಣಲಿ. ತೇಯ್ದು ಸರಿಮಾಡಿದ ಮೇಲೂ ಎರಡು ವಾರದಲ್ಲಿ ಹುಣ್ಣು ಮಾಯದಿದ್ದರೆ, ಅದರಲ್ಲೂ ತಂಬಾಕು ಅಥವಾ ಎಲೆ-ಅಡಿಕೆ ಹಾಕುವವರಾದರೆ, ಅದು ಸೆಟ್ಟಿನ ಹುಣ್ಣು ಎಂದು ಸುಮ್ಮನಿರದೆ ಕ್ಯಾನ್ಸರ್ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು.