ಎಮ್ಮೆಯ ಹೊಟ್ಟೆಯೊಳಗಿನ ಬಿ12

ರೋಣದ ನಮ್ಮ ದೊಡ್ಡವ್ವನಿಗೆ ಹೋದ ವರ್ಷ ಅಂಗಾಲು ಜುಮುಜುಮು ಅನ್ನತೊಡಗಿತು. ಹುಬ್ಬಳ್ಳಿಯಲ್ಲಿ ರಕ್ತ ತಪಾಸಣೆ ಮಾಡಿಸಿದಾಗ ಬಿ12 ಎಂಬ ವಿಟಮಿನ್ ಕಡಿಮೆ ಎಂದು ಬಂತು. "ಮನ್ಯಾಗ ಎಮ್ಮಿ ಐತಿ, ದಿನಾ ಗಟ್ಟಿ ಮೊಸರು ಉಣ್ತೀನಿ, ಹೆಂಗ ಕಡಿಮಿ ಆತು?" ಎಂದು ಕೇಳಿದಳು.

ಸರಿಯಾದ ಪ್ರಶ್ನೆಯೇ. ಆದರೆ ಬಿ12 ಮಾಡುವುದು ಎಮ್ಮೆಯಲ್ಲ, ಜೋಳವೂ ಅಲ್ಲ. ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ.

ಇದು ಗೊತ್ತಾಗಿದ್ದು ಸುತ್ತು ದಾರಿಯಲ್ಲಿ. 1926ರಲ್ಲಿ ಬೋಸ್ಟನ್ನಿನ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು, ಆಗ ಸಾವೇ ಗತಿ ಎನ್ನುವಂತಿದ್ದ ಒಂದು ಬಗೆಯ ರಕ್ತಹೀನತೆಗೆ ದಿನಾ ಲಿವರ್ ತಿನ್ನಿಸಿ ರೋಗಿಗಳನ್ನು ಉಳಿಸಿದರು. ಲಿವರ್‌ನಲ್ಲಿ ಏನಿದೆ ಎಂದು ಅವರಿಗೂ ತಿಳಿದಿರಲಿಲ್ಲ. ಅತ್ತ ಆಸ್ಟ್ರೇಲಿಯಾದಲ್ಲಿ ಹಸಿರು ಮೇಯುತ್ತಲೇ ಕುರಿಗಳು ಸೊರಗಿ ಸಾಯುತ್ತಿದ್ದವು. ಅಲ್ಲಿನ ಮಣ್ಣಿನಲ್ಲಿ ಕೋಬಾಲ್ಟ್ ಎಂಬ ಲೋಹ ಕಡಿಮೆ ಎಂದು 1935ರಲ್ಲಿ ಪತ್ತೆಯಾಯಿತು. ಎರಡಕ್ಕೂ ನಂಟಿದೆ ಎಂದು ಯಾರಿಗೆ ಹೊಳೆಯಬೇಕು? 1948ರಲ್ಲಿ ಅಮೆರಿಕ, ಇಂಗ್ಲೆಂಡ್ ಎರಡೂ ಕಡೆ ಲಿವರ್‌ನಿಂದ ಕೆಂಪು ಹರಳು ಬೇರ್ಪಡಿಸಿದರು. ಅದೇ ಬಿ12. ಅದರೊಳಗೆ ಕೋಬಾಲ್ಟ್ ಇತ್ತು!

ಎಮ್ಮೆ ಮೇಯ್ದ ಕಣಕಿಯ ಜೊತೆ ಎರೆ ಮಣ್ಣಿನ ಕೋಬಾಲ್ಟ್ ಕೂಡ ಚೂರು ಒಳಗೆ ಹೋಗುತ್ತದೆ. ಮೊದಲ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಅಮಿನೊಲೆವುಲಿನಿಕ್ ಆಮ್ಲ ಎಂಬ ಪುಟ್ಟ ಅಣುವಿನಿಂದ ಶುರು ಮಾಡುತ್ತವೆ. ಎರಡೆರಡು ಸೇರಿ ಒಂದು ಕೊಂಡಿ, ನಾಲ್ಕು ಕೊಂಡಿ ಸೇರಿ ಒಂದು ಬಳೆ. ಇದೇ ಬಳೆಗೆ ಕಬ್ಬಿಣ ಕೂರಿಸಿದರೆ ನಮ್ಮ ರಕ್ತದ ಕೆಂಪು, ಮೆಗ್ನೀಷಿಯಂ ಕೂರಿಸಿದರೆ ಎಲೆಯ ಹಸಿರು. ಬಿ12ಗೆ ಮಾತ್ರ ಬಳೆಯಿಂದ ಒಂದು ಇಂಗಾಲ ತೆಗೆದು ಬಿಗಿ ಮಾಡಬೇಕು, ನಡುವೆ ಕೋಬಾಲ್ಟ್ ಇಡಬೇಕು. ಒಟ್ಟು ಮೂವತ್ತರ ಆಸುಪಾಸು ಹಂತ. ಇದನ್ನೇ ಪ್ರಯೋಗಶಾಲೆಯಲ್ಲಿ ಕಟ್ಟಲು ವುಡ್‌ವರ್ಡ್ ಮತ್ತು ಎಶೆನ್‌ಮೋಸರ್ ಎಂಬ ರಸಾಯನಶಾಸ್ತ್ರಜ್ಞರ ತಂಡಗಳಿಗೆ 1972ರ ತನಕ ಸುಮಾರು ಹನ್ನೆರಡು ವರ್ಷ, ನೂರರಷ್ಟು ಜನ ಬೇಕಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ನಮ್ಮ ದೊಡ್ಡ ಕರುಳಿನಲ್ಲೂ ಬಿ12 ತಯಾರಾಗುತ್ತದೆ. ಆದರೆ ಅದನ್ನು ಹೀರುವ ಜಾಗ ಸಣ್ಣ ಕರುಳಿನ ಕೊನೆ, ಅಂದರೆ ಅದಕ್ಕಿಂತ ಮೇಲೆ. ಹಾಗಾಗಿ ರೊಟ್ಟಿ-ಪಲ್ಯ ಉಣ್ಣುವವರಿಗೆ ಹಾಲು-ಮೊಸರೇ ಆಸರೆ. ವಯಸ್ಸಾದಂತೆ ಹೊಟ್ಟೆಯ ಆಮ್ಲ ಕಡಿಮೆಯಾದರೆ ಊಟದಲ್ಲಿರುವ ಬಿ12 ಬಿಡಿಸಿಕೊಳ್ಳುವುದೇ ಕಷ್ಟ. ದೊಡ್ಡವ್ವನಿಗೂ ಹಾಗೇ ಆಗಿರಬಹುದು ಎಂದರು ಡಾಕ್ಟರು. ಮಾತ್ರೆಯಲ್ಲಿ ಅದು ಬಿಡಿಯಾಗಿಯೇ ಇರುತ್ತದೆ.

ಮಾತ್ರೆ ಅಂಗೈಯಲ್ಲಿಟ್ಟುಕೊಂಡು ದೊಡ್ಡವ್ವ, "ಇದು ಲಿವರ್‌ದ್ದಲ್ಲ ಹೌದಿಲ್ಲೊ?" ಎಂದಳು. ಅಲ್ಲ ಅಂದೆ. ದೊಡ್ಡ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ತೆಗೆದದ್ದು, ನಿನ್ನ ಎಮ್ಮೆ ಹೊಟ್ಟೆಯಲ್ಲಿ ನಡೆಯುವಂಥದ್ದೇ ಕೆಲಸ ಎಂದು ಹೇಳಿದೆ. ನುಂಗಿ ನೀರು ಕುಡಿದಳು.