ಪಂಕ್‌ನಲ್ಲಿ ಅಸಲಿ ಯಾರು? ಐವತ್ತು ವರ್ಷದ ಜಗಳ, ಅದರ ದುಡ್ಡಿನ ಲೆಕ್ಕ

1994ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಪಂಕ್ ಎಂಬ ಒರಟು, ವೇಗದ ರಾಕ್ ಸಂಗೀತದ ಕ್ಲಬ್ಬೊಂದರಲ್ಲಿ ಜೆಲ್ಲೊ ಬಿಯಾಫ್ರಾ ಎಂಬ ಹಾಡುಗಾರನನ್ನು ಕೆಲವರು ಕೆಡವಿ ಹೊಡೆದರು. ಕಾಲಿಗೆ ಬಿದ್ದ ಪೆಟ್ಟಿಗೆ ಆತ ಆಸ್ಪತ್ರೆ ಸೇರಬೇಕಾಯಿತು. ಹೊಡೆಯುತ್ತಿದ್ದವರು ಕೂಗುತ್ತಿದ್ದದ್ದು ‘ಸೆಲೌಟ್ ರಾಕ್ ಸ್ಟಾರ್’ ಎಂದು. ದುಡ್ಡಿಗೆ ತನ್ನನ್ನೇ ಮಾರಿಕೊಂಡವನು ಎನ್ನುವ ಈ ಬೈಗುಳಕ್ಕಿಂತ ದೊಡ್ಡದು ಪಂಕ್ ಲೋಕದಲ್ಲಿ ಇಲ್ಲ. ಬಿಯಾಫ್ರಾ ಯಾರೆಂದು ಬಲ್ಲವರಿಗೆ ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಆತ ‘ಡೆಡ್ ಕೆನಡೀಸ್’ ಬ್ಯಾಂಡಿನವನು. ತನ್ನದೇ ಸಣ್ಣ ರೆಕಾರ್ಡ್ ಕಂಪನಿ ನಡೆಸುತ್ತಿದ್ದವನು. 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಚುನಾವಣೆಗೆ ನಿಂತಿದ್ದವನು. ಆಲ್ಬಮ್ ಜೊತೆಗಿಟ್ಟ ಪೋಸ್ಟರಿನ ದೆಸೆಯಿಂದ ಅಶ್ಲೀಲತೆಯ ಆರೋಪ ಹೊತ್ತು ಕೋರ್ಟು ಮೆಟ್ಟಿಲು ಹತ್ತಿದವನು.

ಇವನೇ ನಕಲಿ ಎಂದಾದರೆ ಅಸಲಿ ಪಂಕ್ ಯಾರು? ಒಳ್ಳೆಯ ಕಾಲದಲ್ಲಿ ಹುಟ್ಟಿದ ಚಳವಳಿ ಆಮೇಲೆ ಕೆಟ್ಟು, ಆಗ ಹುಟ್ಟಿದ ಪ್ರಶ್ನೆ ಇದೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಪಂಕ್‌ಗಿಂತ ಒಂದು ದಿನವೂ ಚಿಕ್ಕದಲ್ಲ ಈ ಜಗಳ.

ಹೆಸರನ್ನೇ ನೋಡಿ. 1970ರ ದಶಕದ ಮೊದಲಲ್ಲಿ ‘ಕ್ರೀಮ್’ ಪತ್ರಿಕೆಯ ಡೇವ್ ಮಾರ್ಷ್‌ನಂಥ ವಿಮರ್ಶಕರು ‘ಪಂಕ್ ರಾಕ್’ ಎಂದು ಕರೆದದ್ದು ಅರವತ್ತರ ದಶಕದ ಹಳೆಯ ಗ್ಯಾರೇಜ್ ಬ್ಯಾಂಡುಗಳನ್ನು. ಅದೇ ಹೆಸರು ನ್ಯೂಯಾರ್ಕಿನ ‘ಸಿಬಿಜಿಬಿ’ ಎಂಬ ಕೊಳಕು ಬಾರಿನಲ್ಲಿ ನುಡಿಸುತ್ತಿದ್ದ ಹುಡುಗರಿಗೆ ಗಟ್ಟಿಯಾಗಿ ಅಂಟಿಕೊಂಡದ್ದು 1976ರ ಜನವರಿಯಲ್ಲಿ, ‘ಪಂಕ್’ ಎಂಬ ಪತ್ರಿಕೆಯೇ ಹುಟ್ಟಿದಾಗ. ಅಲ್ಲಿನ ಮುಖ್ಯ ಬ್ಯಾಂಡು ‘ರಮೋನ್ಸ್’. ನಾಲ್ವರೂ ಅಣ್ಣತಮ್ಮಂದಿರಲ್ಲ, ಆದರೂ ಎಲ್ಲರಿಗೂ ರಮೋನ್ ಎಂದೇ ಅಡ್ಡಹೆಸರು. ಎಲ್ಲರಿಗೂ ಒಂದೇ ಚರ್ಮದ ಜಾಕೆಟ್ಟು, ಒಂದೇ ಹರಿದ ಜೀನ್ಸು. ಅಂದರೆ ವೇಷ. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಅವರ ಮೊದಲ ಆಲ್ಬಮ್ಮಿಗೆ ತಗುಲಿದ ಖರ್ಚು ಸುಮಾರು 6,400 ಡಾಲರ್. ಆ ಕಾಲದ ದೊಡ್ಡ ರಾಕ್ ಬ್ಯಾಂಡುಗಳಿಗೆ ಇದು ಕೈಖರ್ಚಿನ ಮೊತ್ತ.

ಲಂಡನ್ನಿನ ಕಥೆ ಶುರುವಾಗುವುದೇ ಅಂಗಡಿಯೊಂದರಲ್ಲಿ. ಕಿಂಗ್ಸ್ ರೋಡಿನ 430ನೇ ನಂಬರಿನಲ್ಲಿ ಮ್ಯಾಲ್ಕಮ್ ಮೆಕ್ಲಾರೆನ್ ಮತ್ತು ವಿವಿಯನ್ ವೆಸ್ಟ್‌ವುಡ್ ಬಟ್ಟೆ ವ್ಯಾಪಾರ ಮಾಡುತ್ತಿದ್ದರು. 1975ರಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ಮೆಕ್ಲಾರೆನ್ ಕಣ್ಣಿಗೆ ರಿಚರ್ಡ್ ಹೆಲ್ ಎಂಬ ಹಾಡುಗಾರನ ಹರಿದ ಟೀ ಶರ್ಟು, ಕೆದರಿದ ಕೂದಲು ಬಿದ್ದಿದ್ದವು. ಆ ಚಹರೆ ಅಟ್ಲಾಂಟಿಕ್ ದಾಟಿ ಬಂತು. ಮೆಕ್ಲಾರೆನ್ ಮ್ಯಾನೇಜರಾಗಿದ್ದ ‘ಸೆಕ್ಸ್ ಪಿಸ್ಟಲ್ಸ್’ ಬ್ಯಾಂಡಿನ ಗ್ಲೆನ್ ಮ್ಯಾಟ್ಲಾಕ್ ಆ ಅಂಗಡಿಯಲ್ಲೇ ಕೆಲಸಕ್ಕಿದ್ದ. ‘ಪಿಂಕ್ ಫ್ಲಾಯ್ಡ್’ ಅಂಗಿಯ ಮೇಲೆ ‘ಐ ಹೇಟ್’ ಎಂದು ತಾನೇ ಬರೆದುಕೊಂಡು ಓಡಾಡುತ್ತಿದ್ದ ಜಾನ್ ಲೈಡನ್ ಅಲ್ಲೇ ಆಯ್ಕೆಯಾದ. 1976ರ ಡಿಸೆಂಬರ್ 1ರಂದು ಟಿವಿ ಸಂದರ್ಶನದಲ್ಲಿ ಅವರು ಆಡಿದ ಕೆಟ್ಟ ಮಾತಿಗೆ ದೇಶವೇ ಬೆಚ್ಚಿತು. ಇಎಂಐ ರೆಕಾರ್ಡ್ ಕಂಪನಿ ಅವರನ್ನು ಕೈಬಿಟ್ಟಿತು. ಮುಂದೆ ಎ ಅಂಡ್ ಎಂ ಕಂಪನಿ ಬಕಿಂಗ್‌ಹ್ಯಾಮ್ ಅರಮನೆಯೆದುರು ಸಹಿ ಹಾಕಿಸಿಕೊಂಡು ಒಂದೇ ವಾರದಲ್ಲಿ ಕೈತೊಳೆದುಕೊಂಡಿತು. ಪಂಕ್ ಎಂಬುದು ಬೀದಿಯಿಂದ ತಾನಾಗಿ ಎದ್ದ ಆಕ್ರೋಶ ಎನ್ನುವವರು ಬಟ್ಟೆ ಅಂಗಡಿಯ ಈ ಗಲ್ಲಾಪೆಟ್ಟಿಗೆಯನ್ನು ಬದಿಗಿಟ್ಟು ಮಾತಾಡುತ್ತಾರೆ. ಹಾಗೆಂದು ಇಡೀ ಪಂಕ್ ಮೆಕ್ಲಾರೆನ್‌ನ ಕೈಚಳಕ ಎಂದರೂ ತಪ್ಪೇ. ಹಾಗೆ ಹೇಳಿಕೊಂಡು ಹೆಚ್ಚು ತಿರುಗಿದವನು ಸ್ವತಃ ಮೆಕ್ಲಾರೆನ್!

ಮೊದಲ ಮರಣವಾರ್ತೆ ಬರಲು ತಡವಾಗಲಿಲ್ಲ. 1977ರ ಜನವರಿಯಲ್ಲಿ ‘ದ ಕ್ಲ್ಯಾಶ್’ ಬ್ಯಾಂಡು ಸಿಬಿಎಸ್ ಕಂಪನಿಗೆ 1,00,000 ಪೌಂಡಿಗೆ ಸಹಿ ಹಾಕಿತು. ಬ್ಯಾಂಕ್ ಗುಮಾಸ್ತನಾಗಿದ್ದುಕೊಂಡು ‘ಸ್ನಿಫಿನ್ ಗ್ಲೂ’ ಎಂಬ ಜೆರಾಕ್ಸ್ ಪತ್ರಿಕೆ ಶುರುಮಾಡಿದ್ದ ಮಾರ್ಕ್ ಪೆರ್ರಿ ‘ಅವತ್ತೇ ಪಂಕ್ ಸತ್ತಿತು’ ಎಂದುಬಿಟ್ಟ. ಕ್ಲ್ಯಾಶ್‌ನ ಮೊದಲ ಆಲ್ಬಮ್ ಆಗಿನ್ನೂ ಹೊರಬಂದಿರಲಿಲ್ಲ. ಅದರ ಹಾಡುಗಾರ ಜೋ ಸ್ಟ್ರಮ್ಮರ್ ರಾಜತಾಂತ್ರಿಕ ಅಧಿಕಾರಿಯ ಮಗ, ಹುಟ್ಟಿದ್ದು ಅಂಕಾರಾದಲ್ಲಿ, ಓದಿದ್ದು ಬೋರ್ಡಿಂಗ್ ಶಾಲೆಯಲ್ಲಿ. ಹೀಗಾಗಿ ನಿರುದ್ಯೋಗಿ ಹುಡುಗರ ಸಿಟ್ಟನ್ನು ಹಾಡಲು ಇವನಿಗೇನು ಹಕ್ಕು ಎಂಬ ಎರಡನೆಯ ಆಕ್ಷೇಪವೂ ಹಿಂದೆಯೇ ಬಂತು. ಹೀಗೆ ಅಳತೆಗೋಲು ಎರಡಾದವು: ಯಾರ ದುಡ್ಡು, ಯಾವ ವರ್ಗ. ಆದರೆ ‘ಮಾರಿಕೊಂಡ’ ಇದೇ ಬ್ಯಾಂಡು 1980ರಲ್ಲಿ ಮೂರು ಎಲ್‌ಪಿಗಳ ಆಲ್ಬಮ್ಮನ್ನು ಅಗ್ಗಕ್ಕೆ ಕೊಡಲೆಂದು ಬ್ರಿಟನ್ನಿನ ಮೊದಲ 2,00,000 ಪ್ರತಿಗಳ ರಾಯಲ್ಟಿಯನ್ನೇ ಬಿಟ್ಟುಕೊಟ್ಟಿತು. ಪೆರ್ರಿಯ ಮಾತನ್ನು ಉದ್ಧರಿಸುವವರು ಇದನ್ನು ಹೇಳುವುದು ಕಡಿಮೆ.

ಅದೇ ಜನವರಿಯಲ್ಲಿ ಮ್ಯಾಂಚೆಸ್ಟರಿನ ‘ಬಜ್‌ಕಾಕ್ಸ್’ 500 ಪೌಂಡ್ ಸಾಲ ಎತ್ತಿ, ನಾಲ್ಕು ಹಾಡುಗಳ ರೆಕಾರ್ಡನ್ನು ತಾವೇ ಅಚ್ಚುಹಾಕಿಸಿದರು. ಮೊದಲು ತೆಗೆದದ್ದು 1,000 ಪ್ರತಿ, ಕೊನೆಗೆ ಮಾರಾಟವಾದದ್ದು ಸಾವಿರಗಳ ಲೆಕ್ಕದಲ್ಲಿ. ‘ನೀನೇ ಮಾಡು’ ಎಂಬ ಪಂಕ್ ತತ್ವಕ್ಕೆ ಇಷ್ಟು ಸ್ಪಷ್ಟ ಪುರಾವೆ ಇನ್ನೊಂದಿಲ್ಲ. ಎಸೆಕ್ಸಿನ ಹಳೆಯ ಮನೆಯೊಂದರಲ್ಲಿ ಕೂಡಿ ಬಾಳುತ್ತಿದ್ದ ‘ಕ್ರಾಸ್’ ಇನ್ನೂ ಮುಂದೆ ಹೋಯಿತು. ‘ಇದಕ್ಕಿಂತ ಹೆಚ್ಚು ಕೊಡಬೇಡಿ’ ಎಂದು ರೆಕಾರ್ಡಿನ ಹೊದಿಕೆಯ ಮೇಲೆಯೇ ಬೆಲೆ ಅಚ್ಚುಮಾಡಿತು. ಪಂಕ್ ಸತ್ತಿದೆ ಎಂದು ಹಾಡಿದವರೂ ಇವರೇ. ಸರ್ಕಾರವೇ ಬೇಡವೆನ್ನುವ ಅನಾರ್ಕೊ ಪಂಕ್ ಎಂಬ ಕವಲು ಇಲ್ಲಿಂದ ಹೊರಟಿತು. ಪಂಕ್‌ನ ಹೆಚ್ಚಿನ ಕವಲುಗಳು ಹೀಗೇ, ಪಕ್ಕದವನನ್ನು ಢೋಂಗಿ ಎನ್ನುತ್ತಲೇ ಒಡೆದವು.

ವರ್ಗದ ಅಳತೆಗೋಲು ಎಲ್ಲಿಗೆ ಮುಟ್ಟಿತು ಎಂಬುದನ್ನು ಲಂಡನ್ನಿನ ಸೌತಾಲ್‌ನಲ್ಲಿ ನೋಡಬೇಕು. ಕಲಾಶಾಲೆಯ ಹುಡುಗರು ಪಂಕ್ ಅನ್ನು ಕೆಡಿಸಿದರು, ಅಸಲಿ ಪಂಕ್ ಎಂದರೆ ದುಡಿಯುವವರ ಕೇರಿಯದು ಎಂಬ ವಾದದಿಂದ ‘ಓಯ್’ ಎಂಬ ಕವಲು ಬೆಳೆದಿತ್ತು. ಹೆಸರು ಕೊಟ್ಟವನು ‘ಸೌಂಡ್ಸ್’ ವಾರಪತ್ರಿಕೆಯ ಗ್ಯಾರಿ ಬುಶೆಲ್. ತಲೆ ಬೋಳಿಸಿದ ಸ್ಕಿನ್‌ಹೆಡ್‌ಗಳು ಇದರ ದೊಡ್ಡ ಅಭಿಮಾನಿಗಳು. ಮೊದಲ ತಲೆಮಾರಿನ ಸ್ಕಿನ್‌ಹೆಡ್‌ಗಳು ಕುಣಿದದ್ದು ಜಮೈಕಾದ ಕಪ್ಪು ಸಂಗೀತಕ್ಕೆ. ಎಂಬತ್ತರ ಹೊತ್ತಿಗೆ ಅವರೊಳಗೆ ನ್ಯಾಷನಲ್ ಫ್ರಂಟಿನಂಥ ಜನಾಂಗದ್ವೇಷಿಗಳು ನುಗ್ಗಿದ್ದರು. 1981ರಲ್ಲಿ ಬಂದ ಓಯ್ ಸಂಕಲನವೊಂದರ ಮುಖಪುಟದಲ್ಲಿ ಇದ್ದವನೇ ನಿಕಿ ಕ್ರೇನ್ ಎಂಬ ನವನಾಜಿ.

ಸೌತಾಲ್ ಪಂಜಾಬಿಗಳ ಊರು. 1976ರಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ ಯುವಕನ ಕೊಲೆಯಾದದ್ದು ಅಲ್ಲಿ. 1979ರಲ್ಲಿ ನ್ಯಾಷನಲ್ ಫ್ರಂಟ್ ಸಭೆಯನ್ನು ವಿರೋಧಿಸಲು ಬಂದ ಶಿಕ್ಷಕ ಬ್ಲೇರ್ ಪೀಚ್ ಸತ್ತದ್ದೂ ಅಲ್ಲೇ. ಅಂಥ ಊರಿನ ಹ್ಯಾಂಬ್ರೊ ಟ್ಯಾವರ್ನ್ ಎಂಬ ಪಬ್ಬಿನಲ್ಲಿ 1981ರ ಜುಲೈ 3ರಂದು ಮೂರು ಓಯ್ ಬ್ಯಾಂಡುಗಳ ಕಾರ್ಯಕ್ರಮ ಇಟ್ಟರು. ಹೊರಗಿನಿಂದ ಬಸ್ಸುಗಳಲ್ಲಿ ಸ್ಕಿನ್‌ಹೆಡ್‌ಗಳು ಬಂದಿಳಿದರು, ಏಷ್ಯನ್ನರ ಅಂಗಡಿಗಳ ಗಾಜು ಒಡೆಯಿತು. ಏಷ್ಯನ್ ಯುವಕರು ಗುಂಪುಗೂಡಿದರು, ರಾತ್ರಿಯಾಗುವಷ್ಟರಲ್ಲಿ ಪಬ್ಬು ಸುಟ್ಟುಹೋಗಿತ್ತು. ತಾವು ಜನಾಂಗದ್ವೇಷಿಗಳಲ್ಲ ಎಂದು ಬ್ಯಾಂಡುಗಳು ಹೇಳಿದವು. ಕೆಲವರ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ‘ನಾವು ಬೀದಿಯ ಅಸಲಿ ಮಕ್ಕಳು’ ಎಂದು ಹಾಡುವವರಿಗೆ, ಆ ಬೀದಿಯಲ್ಲಿ ಹುಟ್ಟಿ ಬೆಳೆದ ಪಂಜಾಬಿ ಹುಡುಗ ಲೆಕ್ಕಕ್ಕೇ ಬಂದಿರಲಿಲ್ಲ. ಪಾಕಿಸ್ತಾನಿ ಮೂಲದ ಹುಡುಗರ ‘ಏಲಿಯನ್ ಕಲ್ಚರ್’ ಎಂಬ ಪಂಕ್ ಬ್ಯಾಂಡು ಲಂಡನ್ನಿನಲ್ಲಿ ಆ ವೇಳೆಗಾಗಲೇ ಇತ್ತು. ಬೇರೆ ಸಂಸ್ಕೃತಿಯವರು ನಮ್ಮನ್ನು ಮುಳುಗಿಸಿಯಾರು ಎಂದು ಮಾರ್ಗರೆಟ್ ಥ್ಯಾಚರ್ 1978ರಲ್ಲಿ ಆಡಿದ ಮಾತನ್ನೇ ಅವರು ‘ಪರಕೀಯ ಸಂಸ್ಕೃತಿ’ ಎಂಬ ಹೆಸರಾಗಿ ತಿರುಗಿಸಿಕೊಂಡಿದ್ದರು. ಪಂಕ್ ಚರಿತ್ರೆ ಬರೆಯುವವರು ಅವರಿಗೆ ಕೊಡುವುದು ಹೆಚ್ಚೆಂದರೆ ಒಂದು ಸಾಲು.

ಅಮೆರಿಕದಲ್ಲಿ ವೇಗವೇ ಅಸಲಿತನವಾಯಿತು. ಲಾಸ್ ಏಂಜಲೀಸ್ ಸುತ್ತಲಿನ ‘ಬ್ಲ್ಯಾಕ್ ಫ್ಲ್ಯಾಗ್’, ವಾಷಿಂಗ್ಟನ್ನಿನ ಕಪ್ಪು ಯುವಕರ ‘ಬ್ಯಾಡ್ ಬ್ರೇನ್ಸ್’ ಹಾರ್ಡ್‌ಕೋರ್ ಎಂಬ ಕವಲಿಗೆ ಬುನಾದಿ ಹಾಕಿದವು. ವಾಷಿಂಗ್ಟನ್ನಿನ ಇಯನ್ ಮೆಕೈ 1981ರಲ್ಲಿ ಕುಡಿತ, ಮಾದಕವಸ್ತು ಬೇಡವೆಂದು ಮುಕ್ಕಾಲು ನಿಮಿಷದ ಹಾಡು ಹಾಡಿದ. ‘ಸ್ಟ್ರೇಟ್ ಎಡ್ಜ್’ ಎಂಬ ಪಂಥವೇ ಅದರಿಂದ ಹುಟ್ಟಿತು. ಚಳವಳಿ ಕಟ್ಟುವ ಉದ್ದೇಶ ತನಗಿರಲಿಲ್ಲ ಎಂದು ಮೆಕೈ ಹೇಳುತ್ತಲೇ ಬಂದ. ಆದರೆ ತೊಂಬತ್ತರ ದಶಕದಲ್ಲಿ ಸಾಲ್ಟ್ ಲೇಕ್ ಸಿಟಿಯ ಪೊಲೀಸರು ಸ್ಟ್ರೇಟ್ ಎಡ್ಜ್ ಹುಡುಗರನ್ನು ಪುಂಡರ ಗ್ಯಾಂಗಿನ ಪಟ್ಟಿಗೆ ಸೇರಿಸುವ ಮಟ್ಟಕ್ಕೆ ಅದು ಹೋಯಿತು. ಸಿಗರೇಟು ಸೇದದವನು ಸೇದುವವನಿಗೆ ಹೊಡೆಯುವುದು ಯಾವ ಸೀಮೆಯ ಶುದ್ಧಿಯೋ. ಮೆಕೈ ಮಾತ್ರ ಗಲಾಟೆ ಮಾಡದೆ ತನ್ನ ‘ಡಿಸ್ಕಾರ್ಡ್’ ಕಂಪನಿಯನ್ನು ಲಿಖಿತ ಕರಾರಿಲ್ಲದೆ ನಡೆಸಿದ. ಅವನ ‘ಫುಗಾಜಿ’ ಬ್ಯಾಂಡು ಟಿಕೆಟ್ ದರವನ್ನು 5 ಡಾಲರಿನ ಆಸುಪಾಸಿನಲ್ಲೇ ಹಿಡಿದಿಟ್ಟಿತು. ಎಮೊ ಎಂದು ಇವತ್ತು ಕರೆಯುವ, ಒಳಗಿನ ಭಾವನೆಗಳನ್ನು ತೋಡಿಕೊಳ್ಳುವ ಕವಲೂ ಇದೇ ಊರಿನಲ್ಲಿ 1985ರ ಸುಮಾರಿಗೆ ಮೊಳೆಯಿತು. 1991ರ ವೇಳೆಗೆ ‘ಬಿಕಿನಿ ಕಿಲ್’ ಬ್ಯಾಂಡಿನ ಕ್ಯಾಥ್ಲೀನ್ ಹ್ಯಾನಾ ಮತ್ತು ಗೆಳತಿಯರು ‘ರಾಯಟ್ ಗರ್ಲ್’ ಕಟ್ಟಿ, ಹುಡುಗಿಯರೆಲ್ಲ ಮುಂದೆ ಬನ್ನಿ ಎಂದು ಕರೆದರು. ಗಂಡಸರ ನೂಕಾಟದಲ್ಲಿ ಅಷ್ಟು ವರ್ಷ ಅವರು ನಿಂತದ್ದು ಹಿಂದಿನ ಸಾಲಿನಲ್ಲಿ.

ಬಿಯಾಫ್ರಾಗೆ ಪೆಟ್ಟು ಬಿದ್ದ ಕ್ಲಬ್ಬಿನ ಹೆಸರು 924 ಗಿಲ್ಮನ್ ಸ್ಟ್ರೀಟ್. ‘ಮ್ಯಾಕ್ಸಿಮಮ್ ರಾಕ್‌ಎನ್‌ರೋಲ್’ ಪತ್ರಿಕೆಯ ಟಿಮ್ ಯೊಹಾನನ್ ಮತ್ತು ಗೆಳೆಯರು 1986ರ ಕೊನೆಯ ದಿನ ಅದನ್ನು ತೆರೆದರು. ನಡೆಸುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಕುಡಿತವಿಲ್ಲ, ಹೊಡೆದಾಟವಿಲ್ಲ, ಜನಾಂಗದ್ವೇಷವಿಲ್ಲ, ಹೆಣ್ಣುದ್ವೇಷವಿಲ್ಲ ಎಂದು ನಿಯಮ. ದೊಡ್ಡ ಕಂಪನಿಗೆ ಸಹಿ ಹಾಕಿದ ಬ್ಯಾಂಡಿಗೆ ಅಲ್ಲಿ ವೇದಿಕೆಯೂ ಇರಲಿಲ್ಲ. ಅಲ್ಲೇ ಬೆಳೆದ ‘ಗ್ರೀನ್ ಡೇ’ 1993ರಲ್ಲಿ ರಿಪ್ರೈಸ್ ಕಂಪನಿಗೆ ಸಹಿ ಹಾಕಿತು. 1994ರ ಫೆಬ್ರವರಿಯಲ್ಲಿ ಬಂದ ಆಲ್ಬಮ್ ಅಮೆರಿಕವೊಂದರಲ್ಲೇ ಒಂದು ಕೋಟಿ ದಾಟಿತು. ಹಾಡುಗಾರ ಬಿಲ್ಲಿ ಜೋ ಸಾಯಬೇಕೆಂಬ ಗೋಡೆಬರಹವೂ ಕ್ಲಬ್ಬಿನಲ್ಲಿ ಕಾಣಿಸಿತು. ಅವನ ತಾಯಿ ಹೋಟೆಲಿನಲ್ಲಿ ಬಡಿಸುವ ಕೆಲಸದವಳು, ಲಾರಿ ಓಡಿಸುತ್ತಿದ್ದ ತಂದೆ ಮಗ ಹತ್ತು ವರ್ಷದವನಿದ್ದಾಗಲೇ ತೀರಿಕೊಂಡಿದ್ದ. ಸ್ಟ್ರಮ್ಮರ್‌ನನ್ನು ಕೆಡವಿದ ವರ್ಗದ ಪರೀಕ್ಷೆಯಲ್ಲಿ ಇವನು ಸಲೀಸಾಗಿ ಪಾಸಾಗುತ್ತಿದ್ದ. ಅಷ್ಟರಲ್ಲಿ ಪ್ರಶ್ನೆಪತ್ರಿಕೆಯೇ ಬದಲಾಗಿತ್ತು.

ಆ ಹೊಸ ಪರೀಕ್ಷೆಯಾದರೂ ಗಟ್ಟಿಯೇ? ಗ್ರೀನ್ ಡೇಯ ಮೊದಲ ಆಲ್ಬಮ್ಮುಗಳನ್ನು ಹೊರತಂದದ್ದು ‘ಲುಕೌಟ್’ ಎಂಬ ಸಣ್ಣ, ಸ್ವತಂತ್ರ, ಎಲ್ಲರೂ ಮೆಚ್ಚಿದ ಕಂಪನಿ. ರಾಯಲ್ಟಿ ಬಾಕಿ ಉಳಿದದ್ದಕ್ಕೆ 2005ರಲ್ಲಿ ಗ್ರೀನ್ ಡೇ ಆ ಆಲ್ಬಮ್ಮುಗಳನ್ನು ಅದರಿಂದ ಹಿಂದಕ್ಕೆ ಪಡೆಯಿತು. ಬಿಯಾಫ್ರಾ ವಿಷಯವೂ ಸರಳವಿಲ್ಲ. ಅವನ ಕಂಪನಿ ನಮಗೆ ಬರಬೇಕಾದ ರಾಯಲ್ಟಿ ಕೊಟ್ಟಿಲ್ಲವೆಂದು ಹಳೆಯ ಸಂಗಾತಿಗಳೇ ದಾವೆ ಹೂಡಿದರು. ಬ್ಯಾಂಡಿನ ಹಾಡನ್ನು ಜೀನ್ಸ್ ಜಾಹೀರಾತಿಗೆ ಕೊಡಲು ಒಪ್ಪದ್ದಕ್ಕೆ ಈ ಸೇಡು ಎಂದ ಬಿಯಾಫ್ರಾ. 2000ರಲ್ಲಿ ಜ್ಯೂರಿ ಸಂಗಾತಿಗಳ ಪರ ನಿಂತಿತು. ನನ್ನ ಮಟ್ಟಿಗೆ ಕೂದಲು, ಕೇರಿ, ಕಂಪನಿಯ ಗಾತ್ರ ಇವೆಲ್ಲಕ್ಕಿಂತ ನಂಬಬಹುದಾದ ಸಾಕ್ಷಿ ಲೆಕ್ಕದ ಪುಸ್ತಕವೇ: ಕೇಳುಗನಿಂದ ಎಷ್ಟು ಪಡೆದೆ, ಜೊತೆಗಾರನಿಗೆ ಎಷ್ಟು ಕೊಟ್ಟೆ. ಫುಗಾಜಿ ಅದರಲ್ಲಿ ಗೆದ್ದಿತು. ಘೋಷಣೆ ಕೂಗಿದ ಎಷ್ಟೋ ಜನ ಗೆಲ್ಲಲಿಲ್ಲ.

ಈ ತಕರಾರಿಗೆ ಪುರುಸೊತ್ತೇ ಇಲ್ಲದ ಊರುಗಳೂ ಇವೆ. ಇಂಡೊನೇಷ್ಯಾದ ಬಂಡಾ ಆಚೆಯಲ್ಲಿ 2011ರ ಡಿಸೆಂಬರಿನಲ್ಲಿ ಪೊಲೀಸರು ಪಂಕ್ ಕಾರ್ಯಕ್ರಮವೊಂದಕ್ಕೆ ನುಗ್ಗಿ 60ಕ್ಕೂ ಹೆಚ್ಚು ಮಂದಿಯನ್ನು ಹಿಡಿದರು. ತಲೆ ಬೋಳಿಸಿ, ಕೆರೆಯಲ್ಲಿ ಮುಳುಗಿಸಿ, ಹತ್ತು ದಿನ ‘ತಿದ್ದುವ’ ಶಿಬಿರದಲ್ಲಿಟ್ಟರು. ಯಾರು ಅಸಲಿ ಪಂಕ್ ಎಂದು ಅಲ್ಲಿ ತೀರ್ಮಾನಿಸಿದವರು ಪೊಲೀಸರು.

ಇತ್ತ ಲಂಡನ್ ನ್ಯೂಯಾರ್ಕುಗಳಲ್ಲಿ ಪಂಕ್ ವಸ್ತುಸಂಗ್ರಹಾಲಯ ಸೇರಿತು. 2013ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ಪಂಕ್ ಉಡುಪಿನ ಪ್ರದರ್ಶನದಲ್ಲಿ ಸಿಬಿಜಿಬಿಯ ಕಕ್ಕಸನ್ನೂ ಹಾಗೇ ಮರುಸೃಷ್ಟಿಸಿ ಇಟ್ಟಿತು. ಮೆಕ್ಲಾರೆನ್ ಮತ್ತು ವೆಸ್ಟ್‌ವುಡ್ ಅವರ ಮಗ ಜೋ ಕೊರೆ 2016ರಲ್ಲಿ ತನ್ನ ಪಂಕ್ ಸಂಗ್ರಹವನ್ನು ಥೇಮ್ಸ್ ನದಿಯ ಮೇಲೆ ದೋಣಿಯಲ್ಲಿಟ್ಟು ಸುಟ್ಟ. ಅದರ ಬೆಲೆ 50 ಲಕ್ಷ ಪೌಂಡ್ ಎಂದು ಹೇಳಲು ಮರೆಯಲಿಲ್ಲ. ಸೆಕ್ಸ್ ಪಿಸ್ಟಲ್ಸ್ ಹಾಡುಗಳನ್ನು ಟಿವಿ ಸರಣಿಯೊಂದಕ್ಕೆ ಬಳಸಲು ಲೈಡನ್ ಒಪ್ಪದಿದ್ದಾಗ ಬ್ಯಾಂಡಿನ ಇಬ್ಬರು ಹಳೆಯ ಸದಸ್ಯರು ಲಂಡನ್ನಿನ ಹೈಕೋರ್ಟಿಗೆ ಹೋದರು. ಬಹುಮತದಂತೆ ನಡೆಯಬೇಕೆಂದು 1998ರಲ್ಲೇ ಬ್ಯಾಂಡು ಬರೆದುಕೊಂಡಿದ್ದ ಒಪ್ಪಂದವೊಂದಿತ್ತು. 2021ರ ಆಗಸ್ಟಿನಲ್ಲಿ ನ್ಯಾಯಾಧೀಶರು ಅದನ್ನು ಎತ್ತಿಹಿಡಿದರು, ಲೈಡನ್ ಸೋತ. ಮೂರು ವರ್ಷದ ನಂತರ ಅವನನ್ನು ಬಿಟ್ಟು ಉಳಿದ ಮೂವರು ಫ್ರ್ಯಾಂಕ್ ಕಾರ್ಟರ್ ಎಂಬ ಹೊಸ ಹಾಡುಗಾರನನ್ನು ಕಟ್ಟಿಕೊಂಡು, ಸೆಕ್ಸ್ ಪಿಸ್ಟಲ್ಸ್ ಹೆಸರಿನಲ್ಲೇ ವೇದಿಕೆ ಹತ್ತಿದರು. ಟಿಕೆಟ್ಟುಗಳು ಖರ್ಚಾದವು.