ಮಾರ್ಸೆಲ್ ವೇವ್, ಫಿಂಗರ್ ವೇವ್, ಮತ್ತೆ ನನ್ನ ಕಾಡಿದ ಆ ಏಣು

ಬ್ಯೂಟಿಷಿಯನ್ ಕೋರ್ಸ್ ಥಿಯರಿಗೆ ಓದ್ತಾ ಇದೀನಿ. ಎರಡು ವಾರದಿಂದ ಕೂದಲಿಗೆ ಅಲೆ ಮೂಡಿಸೋ ಮಾರ್ಸೆಲ್ ವೇವ್, ಫಿಂಗರ್ ವೇವ್ ಎರಡೂ ತಲೆಯಲ್ಲಿ ಕಲಸ್ಕೊಂಡು ಕೂತಿದ್ವು. ಇವತ್ತು ಬಿಡಿಸ್ಕೊಂಡೆ, ಮರೆಯೋ ಮುಂಚೆ ಬರೆದಿಡ್ತೀನಿ.

ಗೊಂದಲ ಯಾಕಂದ್ರೆ ಎರಡರಲ್ಲೂ ಕಾಣೋದು ಒಂದೇ ಥರ ಅಲೆ. ಕೂದಲು ಸುರುಳಿ ಸುತ್ಕೊಳ್ಳಲ್ಲ, ತಲೆಗೆ ಅಂಟಿಕೊಂಡ ಹಾಗೇ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಾಗುತ್ತೆ, ಹಾವು ಹರಿದ ಜಾಡಿನ ಥರ. ನಾನು ಇಟ್ಕೊಂಡಿರೋ ಗುರುತು ಇದು: ಮಾರ್ಸೆಲ್ ಅಂದ್ರೆ ಒಣಗಿದ ಕೂದಲು, ಬಿಸಿ ಇಕ್ಕಳ; ಫಿಂಗರ್ ಅಂದ್ರೆ ಒದ್ದೆ ಕೂದಲು, ಬೆರಳು, ಬಾಚಣಿಗೆ.

ಮೊದಲು ಬಂದಿದ್ದು ಮಾರ್ಸೆಲ್. ಫ್ರಾನ್ಸ್‌ನಲ್ಲಿ 1852ರಲ್ಲಿ ಹುಟ್ಟಿದ ಮಾರ್ಸೆಲ್ ಗ್ರಾತೋ, 1870ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಇದನ್ನ ರೂಢಿಗೆ ತಂದ. ಇಕ್ಕಳದ ಒಂದು ಕಡೆ ದುಂಡು ಕಡ್ಡಿ, ಇನ್ನೊಂದು ಕಡೆ ಅದು ಕೂರೋ ತೋಡು, ಕೂದಲನ್ನ ಸುತ್ತದೆ ಮಧ್ಯೆ ಹಿಡಿದು ಬಾಗಿಸೋದು. ಆಗ ಬಿಸಿ ಹತೋಟಿಯಲ್ಲಿಡೋ ಥರ್ಮೋಸ್ಟಾಟ್ ಎಲ್ಲಿತ್ತು, ಒಲೆ ಮೇಲೆ ಕಾಯಿಸಿದ ಇಕ್ಕಳವನ್ನ ಬಿಳಿ ಕಾಗದಕ್ಕೆ ಒತ್ತಿ ನೋಡ್ತಿದ್ರು. ಕಾಗದ ಕಂದು ಬಣ್ಣಕ್ಕೆ ತಿರುಗಿದ್ರೆ ಕೂದಲೂ ಸುಡುತ್ತೆ ಅಂತ ಅರ್ಥ, ಆರೋವರೆಗೂ ಕಾಯ್ಬೇಕು. ಈ ಕಾಗದದ ಪರೀಕ್ಷೆ ನಂಗೆ ತುಂಬಾ ಇಷ್ಟ ಆಯ್ತು.

ಇದರ ಮಧ್ಯೆ 1905-06ರ ಸುಮಾರಿಗೆ ಜರ್ಮನಿಯ ಕಾರ್ಲ್ ನೆಸ್ಲರ್ ಲಂಡನ್‌ನಲ್ಲಿ ಪರ್ಮನೆಂಟ್ ವೇವ್ ಮಾಡಿ ತೋರಿಸಿದ. ಅದರಲ್ಲಿ ಕ್ಷಾರ ಮತ್ತು ಶಾಖ ಸೇರಿ ಕೂದಲೊಳಗಿನ ಗಟ್ಟಿ ಬಂಧಗಳನ್ನೇ ಮುರಿದು ಹೊಸ ಆಕಾರ ಕೊಡುತ್ತೆ, ಅದಕ್ಕೆ ತಲೆ ತೊಳೆದ್ರೂ ಹೋಗಲ್ಲ. ಮಾರ್ಸೆಲ್, ಫಿಂಗರ್ ಎರಡೂ ಹಾಗಲ್ಲ, ಸಡಿಲ ಆಗೋದು ಹೈಡ್ರೋಜನ್ ಬಂಧ ಅನ್ನೋ ದುರ್ಬಲ ಬಂಧ ಮಾತ್ರ, ಒಂದರಲ್ಲಿ ಬಿಸಿಯಿಂದ, ಇನ್ನೊಂದರಲ್ಲಿ ನೀರಿಂದ. ಆರಿದಾಗ ಅಥವಾ ಒಣಗಿದಾಗ ಆ ಬಂಧ ಮತ್ತೆ ಕೂಡ್ಕೊಳ್ಳುತ್ತೆ, ಮತ್ತೆ ನೀರು ತಾಗಿದ್ರೆ ಅಲೆ ಹೋಗುತ್ತೆ.

1920ರ ದಶಕದಲ್ಲಿ ಹೆಂಗಸರು ಕೂದಲು ಕತ್ತರಿಸಿ ಬಾಬ್ ಮಾಡಿಸ್ಕೊಂಡ ಮೇಲೆ ಫಿಂಗರ್ ವೇವ್ ಜೋರಾಯ್ತು. ಪ್ಯಾರಿಸ್‌ನಲ್ಲಿ ಕುಣೀತಿದ್ದ ಜೋಸೆಫಿನ್ ಬೇಕರ್ ಅವರ ಹಣೆಗೆ ಅಂಟಿದ ಕೂದಲನ್ನ ಫೋಟೋದಲ್ಲಿ ನೋಡಿ, ಆ ಕಾಲದ ರೂಪ ಗೊತ್ತಾಗುತ್ತೆ. ಅಗಸೆ ಬೀಜ ಕುದಿಸಿದ ಲೋಳೆನೂ ಅಲೆ ಕೂರೋಕೆ ಹಚ್ಚೋ ಲೋಷನ್ ಆಗಿ ಬಳಸ್ಬಹುದು.

ಈಗ ನಾನು ಸಿಕ್ಕಿಹಾಕ್ಕೊಂಡ ಜಾಗ, ಫಿಂಗರ್ ವೇವ್‌ನ ಮೊದಲನೇ ಏಣು, ಅಂದ್ರೆ ಅಲೆಯ ಎದ್ದು ಕಾಣೋ ಉಬ್ಬು. ಬೈತಲೆ ತೆಗೆದು ಲೋಷನ್ ಹಚ್ಚಿ ಕೂದಲನ್ನ ಅರ್ಧಚಂದ್ರದ ಹಾಗೆ ಬಾಚಿ, ಎಡಗೈ ತೋರುಬೆರಳನ್ನ ಏಣು ಬರ್ಬೇಕಾದ ಜಾಗದ ಮೇಲೆ ಒತ್ತಿಡ್ಬೇಕು. ಬಾಚಣಿಗೆ ಹಲ್ಲು ಬೆರಳಿನ ಕೆಳಗೇ ಇಳಿಸಿ ಬೆರಳ ಉದ್ದಕ್ಕೂ ಸುಮಾರು ಒಂದು ಇಂಚು ಮುಂದಕ್ಕೆ ಎಳೀಬೇಕು. ಇಲ್ಲಿವರೆಗೂ ಸರಿ. ಏಣು ಎದ್ದ ತಕ್ಷಣ ನಾನು ಬಾಚಣಿಗೆ ತೆಗೆದು, ಏಣು ಇನ್ನೂ ಎತ್ತರ ಕಾಣ್ಲಿ ಅಂತ ಬೆರಳಲ್ಲಿ ಮೇಲಕ್ಕೆ ಚಿವುಟ್ತಿದ್ದೆ. ಡಮ್ಮಿ ತಲೆ ಮೇಲೆ ಒಂಬತ್ತು ಸಲ ಮಾಡಿದೆ, ಒಂಬತ್ತು ಸಲಾನೂ ಏಣು ಓರೆಯಾಗಿ ಜಾರಿ ಬುಡ ಬಿಟ್ಕೊಳ್ತು. ಬಾಚಣಿಗೆ ತೆಗೀಲೇಬಾರದು! ಹಲ್ಲು ಒಳಗಿದ್ದಂಗೇ ಅದನ್ನ ತಲೆಗೆ ಚಪ್ಪಟೆಯಾಗಿ ಮಲಗಿಸಿ, ಅದೇ ಏಣನ್ನ ಹಿಡ್ಕೊಳ್ಳುತ್ತೆ. ಆಮೇಲೆ ಮಧ್ಯದ ಬೆರಳು ಏಣಿನ ಮೇಲ್ಗಡೆ, ತೋರುಬೆರಳು ಬಾಚಣಿಗೆ ಹಲ್ಲಿನ ಮೇಲೆ, ಎರಡನ್ನೂ ಹತ್ರ ತಂದು ತಲೆ ಕಡೆಗೆ ಒತ್ತೋದು, ಒತ್ತೋದು ಅಷ್ಟೇ, ಎತ್ತೋದಲ್ಲ. ಇನ್ನೂ ಬಾಚಣಿಗೆ ತೆಗೀದೆ ಹಲ್ಲು ಕೆಳಮುಖ ಮಾಡಿ ಕೂದಲನ್ನ ಎದುರು ದಿಕ್ಕಿಗೆ ಅರ್ಧಚಂದ್ರವಾಗಿ ಬಾಚಿದ್ರೆ ಏಣಿನ ಕೆಳಗೆ ತಗ್ಗು ತಾನಾಗೇ ಬೀಳುತ್ತೆ.

ಎರಡನೇ ಏಣಿಗೆ ಎಲ್ಲಾ ತಿರುಗುಮುರುಗು, ನೆತ್ತಿ ಕಡೆಯಿಂದ ಶುರು ಮಾಡಿ ಬಾಚಣಿಗೆನ ಬೆರಳ ತುದಿಯಿಂದ ಬುಡದ ಕಡೆಗೆ ಎಳೀಬೇಕು. ಆಮೇಲೆ ನೆಟ್ ಕಟ್ಟಿ ಪೂರ್ತಿ ಒಣಗಿಸಿ. ಬುಡಕ್ಕೆ ಬೆರಳಿಟ್ಟು ನೋಡಿ, ತಣ್ಣಗೆ ಅನ್ಸಿದ್ರೆ ಇನ್ನೂ ಒದ್ದೆ ಇದೆ, ನೆಟ್ ಬಿಚ್ಚಬೇಡಿ.